ಒಂದೇ ಸಾಲಿನಲ್ಲಿ ಸಾಗುವ ಬಿಟ್‌ಗಳು: ಜೆಟ್ಯಾಗ್ ಪಾಠದ ಅನುಭವ

ತರಗತಿ: ದ್ವಿತೀಯ ಪಿಯುಸಿ, ಎಲೆಕ್ಟ್ರಾನಿಕ್ಸ್
ಪೂರ್ವಜ್ಞಾನ: ಫ್ಲಿಪ್-ಫ್ಲಾಪ್, ಕ್ಲಾಕ್ ಸ್ಪಂದನ
ಉದ್ದೇಶ: ಬೋರ್ಡಿಗೆ ಬೆಸುಗೆ ಹಾಕಿದ ಸಿಪಿಎಲ್‌ಡಿ ಚಿಪ್ಪನ್ನು ಕೀಳದೆಯೇ ಪ್ರೋಗ್ರಾಂ ಮಾಡುವ ಬಗೆಯನ್ನು ವಿದ್ಯಾರ್ಥಿಗಳು ವಿವರಿಸುವರು.

ಪೀಠಿಕೆ: ಬೋರ್ಡಿನ ಬೆಸುಗೆಗಳು ಸರಿಯಿವೆಯೇ ಎಂದು ಪರೀಕ್ಷಿಸಲು 1990ರಲ್ಲಿ ಐಇಇಇ 1149.1 ಮಾನಕ ಬಂದಿತು. ಇದೇ ಜೆಟ್ಯಾಗ್. ಪರೀಕ್ಷೆಗೆಂದು ಮಾಡಿದ ಈ ದಾರಿಯಲ್ಲೇ ಮುಂದೆ ಪ್ರೋಗ್ರಾಂ ಕೂಡ ಸಾಗತೊಡಗಿತು. ಬೇಕಾದದ್ದು 4 ತಂತಿ: ಬಿಟ್ ಒಳಗೆ ಹೋಗಲು ಟಿಡಿಐ, ಹೊರಬರಲು ಟಿಡಿಒ, ತಾಳಕ್ಕೆ ಟಿಸಿಕೆ, ಮುಂದಿನ ಹೆಜ್ಜೆ ಯಾವುದೆಂದು ಹೇಳಲು ಟಿಎಂಎಸ್.

ಚಟುವಟಿಕೆ: ಮೂವರು ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿದೆ. ಒಬ್ಬೊಬ್ಬರೂ ಒಂದು ಚಿಪ್. ಕೈಯಲ್ಲಿ 0 ಅಥವಾ 1ರ ಕಾರ್ಡು. ಚಪ್ಪಾಳೆಗೊಮ್ಮೆ ಕಾರ್ಡನ್ನು ಮುಂದಿನವರಿಗೆ ಕೊಡಬೇಕು. ಮೊದಲ ಚಪ್ಪಾಳೆಗೇ ಗೊಂದಲವಾಯಿತು. ಒಂದೇ ಕಾರ್ಡು ಕೈಯಿಂದ ಕೈಗೆ ಹಾರಿ ಕೊನೆಯವರನ್ನು ತಲುಪಿತು. ಆಗ ನಿಯಮ ಬದಲಿಸಿದೆ: ನನ್ನ ಕೈ ಮೇಲೇರಿದಾಗ ಹಿಂದಿನವರ ಕಾರ್ಡನ್ನು ನೋಡಿಕೊಳ್ಳಿ, ಇಳಿದಾಗ ನಿಮ್ಮ ಕಾರ್ಡು ಬದಲಿಸಿ. ಜೆಟ್ಯಾಗ್‌ನಲ್ಲೂ ಹೀಗೆಯೇ: ಟಿಡಿಐ ಓದುವುದು ಟಿಸಿಕೆ ಏರುವಾಗ, ಟಿಡಿಒ ಬದಲಾಗುವುದು ಇಳಿಯುವಾಗ.

ನನ್ನ ತಪ್ಪು: ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಎಲ್ಲರೂ ದಾಟಿಸುತ್ತಲೇ ಇದ್ದರೆ, ಪ್ರೋಗ್ರಾಂ ನಡುವಿನ ಚಿಪ್ಪಿಗೆ ಮಾತ್ರ ಎಂದು ಹೇಗೆ ಗೊತ್ತಾಗುತ್ತದೆ?" "ಪ್ರತಿ ಚಿಪ್ಪಿಗೂ ವಿಳಾಸ ಇರುತ್ತದೆ" ಎಂದುಬಿಟ್ಟೆ. ಅದು ತಪ್ಪು. 32 ಬಿಟ್‌ಗಳ ಗುರುತಿನ ಸಂಖ್ಯೆಯನ್ನು ನಾನು ವಿಳಾಸವೆಂದು ತಿಳಿದಿದ್ದೆ. ಅದು ತಯಾರಕರನ್ನೂ ಮಾದರಿಯನ್ನೂ ಹೇಳುತ್ತದೆ, ಅಷ್ಟೆ. ಒಂದೇ ಮಾದರಿಯ, ಒಂದೇ ಆವೃತ್ತಿಯ ಎರಡು ಚಿಪ್‌ಗಳಲ್ಲಿ ಅದು ಒಂದೇ ಆಗಿರುತ್ತದೆ.

ಮರುದಿನದ ಪಾಠವನ್ನು "ನಿನ್ನೆ ನಾನು ಹೇಳಿದ್ದು ತಪ್ಪು" ಎಂದೇ ಆರಂಭಿಸಿದೆ. ಇಲ್ಲಿ ವಿಳಾಸವಿಲ್ಲ, ಸಾಲಿನಲ್ಲಿರುವ ಸ್ಥಾನವೇ ಎಲ್ಲ. ಮೊದಲು ಎಲ್ಲ ಚಿಪ್‌ಗಳ ಆದೇಶ ರಿಜಿಸ್ಟರುಗಳನ್ನು ಒಟ್ಟಿಗೆ ತುಂಬುತ್ತೇವೆ. ನಡುವಿನದಕ್ಕೆ ಪ್ರೋಗ್ರಾಂ ಆದೇಶ. ಉಳಿದವಕ್ಕೆ ಬರೀ 1ಗಳು, ಅಂದರೆ ಬೈಪಾಸ್. ಬೈಪಾಸ್‌ನಲ್ಲಿರುವ ಚಿಪ್ ಒಂದೇ ಬಿಟ್ಟಿನ ದಾರಿ. ದತ್ತಾಂಶ ಅದರ ಮೂಲಕ ಒಂದು ಕ್ಲಾಕ್ ತಡವಾಗಿ ಹಾದುಹೋಗುತ್ತದೆ, ಅದರೊಳಗಿನ ಪ್ರೋಗ್ರಾಂ ಕೆಡುವುದಿಲ್ಲ.

ಮೌಲ್ಯಮಾಪನ: 3 ಚಿಪ್, ತಲಾ 8 ಬಿಟ್ ಆದೇಶ, ನಡುವಿನದನ್ನು ಮಾತ್ರ ಪ್ರೋಗ್ರಾಂ ಮಾಡಲು ಆದೇಶದ ಸಾಲು ಬರೆಯಿರಿ. (8 ಒಂದುಗಳು, ಆದೇಶದ 8 ಬಿಟ್, ಮತ್ತೆ 8 ಒಂದುಗಳು.) ಹೆಚ್ಚಿನವರು ಸರಿಯಾಗಿ ಬರೆದರು. ಗುರಿ ಕೊನೆಯ ಚಿಪ್ ಎಂದಾಗ ಕೆಲವರು ಆದೇಶವನ್ನು ಕೊನೆಯಲ್ಲಿ ಕಳಿಸಿದರು. ಮೊದಲು ಹೊರಟ ಬಿಟ್ಟೇ ದೂರ ತಲುಪುವುದೆಂಬುದು ಕಾರ್ಡು ಹಿಡಿದು ಮತ್ತೊಮ್ಮೆ ನಿಂತಾಗ ತಿಳಿಯಿತು.

ಕಲಿತದ್ದು: ಗೊತ್ತಿಲ್ಲದಿದ್ದರೆ "ನಾಳೆ ನೋಡಿ ಹೇಳುತ್ತೇನೆ" ಎನ್ನಬೇಕು. ತಿದ್ದಿ ಹೇಳಿದ ದಿನವೇ ತರಗತಿಯಲ್ಲಿ ಹೆಚ್ಚು ಪ್ರಶ್ನೆಗಳು ಬಂದವು.