ರಾಕ್ ಸಂಗೀತದ ಸಾಕ್ಷ್ಯಚಿತ್ರಗಳು: ಒಬ್ಬ ಅಭಿಮಾನಿಯ ಅಭಿಪ್ರಾಯ

ಪಾಶ್ಚಾತ್ಯರ ರಾಕ್ ಸಂಗೀತವೆಂದರೆ ನಮ್ಮಲ್ಲಿ ಅನೇಕರಿಗೆ ಬರಿಯ ಗದ್ದಲ. ಅಂಥವರೊಡನೆ ನಾನು ವಾದಕ್ಕಿಳಿಯುವುದಿಲ್ಲ. ಆದರೆ ಆ ಸಂಗೀತವನ್ನು ಕುರಿತ ಸಾಕ್ಷ್ಯಚಿತ್ರಗಳನ್ನು ಅವರೂ ಒಮ್ಮೆ ನೋಡಬೇಕು. ಸಾಕ್ಷ್ಯಚಿತ್ರದಲ್ಲಿ ಕಟ್ಟುಕಥೆಯಿಲ್ಲ, ವೇಷ ಹಾಕಿದ ನಟರಿಲ್ಲ. ನಡೆದುದನ್ನು ಹಿಡಿದು, ಬಳಿಕ ಆಯ್ದು ಜೋಡಿಸುವುದು ಅದರ ಕೆಲಸ. ಕ್ಯಾಮೆರಾವನ್ನು ಯಾರತ್ತ ತಿರುಗಿಸಿದರು ಎಂಬುದರಲ್ಲಿಯೇ ಅದರ ಗುಣದೋಷವೆಲ್ಲ ಅಡಗಿದೆ.

ನನ್ನ ಎಣಿಕೆಯಲ್ಲಿ ಮೊದಲ ಸ್ಥಾನ ‘ಮಾಂಟೆರೆ ಪಾಪ್’ ಚಿತ್ರಕ್ಕೆ. 1967ರ ಜೂನಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಮೂರು ದಿನ ನಡೆದ ಸಂಗೀತೋತ್ಸವವನ್ನು ಡಿ. ಎ. ಪೆನ್ನೆಬೇಕರರು ಚಿತ್ರಿಸಿ ಮರುವರ್ಷ ಹೊರತಂದರು. ಜಿಮಿ ಹೆಂಡ್ರಿಕ್ಸ್ ತನ್ನ ಗಿಟಾರಿಗೆ ಬೆಂಕಿಯಿಟ್ಟದ್ದು ಇದರಲ್ಲಿಯೇ. ಜನ ಅದನ್ನೇ ನೆನೆಯುತ್ತಾರೆ. ನನಗೆ ಕೊನೆಯ ಭಾಗವೇ ಹೆಚ್ಚು. ಅಲ್ಲಿ ಪಂಡಿತ ರವಿಶಂಕರರ ಸಿತಾರು, ಅಲ್ಲಾರಖಾ ಅವರ ತಬಲಾ. ಆದರೆ ಬಹಳ ಹೊತ್ತು ಅವರಿಬ್ಬರೂ ಕಾಣುವುದೇ ಇಲ್ಲ! ಸಿತಾರಿನ ನಾದ ಕೇಳುತ್ತಲೇ ಇರುತ್ತದೆ, ಕ್ಯಾಮೆರಾ ಮಾತ್ರ ಕೇಳುಗರ ನಡುವೆ ಅಡ್ಡಾಡುತ್ತದೆ. ಹಿಂದಿನ ದಿನಗಳ ದಣಿವು ಆ ಮುಖಗಳ ಮೇಲಿದೆ. ಹೆಂಡ್ರಿಕ್ಸನೂ ಅವರ ನಡುವೆ ಕುಳಿತು ಕೇಳುತ್ತಾನೆ. ಲಯ ಏರುತ್ತ ಏರುತ್ತ ಮುಗಿದಾಗ ಜನವೆಲ್ಲ ಎದ್ದು ನಿಲ್ಲುತ್ತದೆ. ರಾಗವೆಂದರೇನೆಂದು ಅರಿಯದವರಿಗೆ ರಾಗ ತಟ್ಟಿದ ಬಗೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ವ್ಯಾಖ್ಯಾನ ತಿಳಿಸೀತು?

1970ರ ‘ವುಡ್‌ಸ್ಟಾಕ್’ ಮೂರು ಗಂಟೆಗೂ ಮಿಕ್ಕಿದ ಚಿತ್ರ, ತಾಳ್ಮೆ ಬೇಕು. ಅದರಲ್ಲಿ ಹಾಡುಗಳಿಗಿಂತ ನನ್ನ ನೆನಪಿನಲ್ಲಿ ನಿಂತವನು ಶೌಚಾಲಯ ತೊಳೆಯುವ ಒಬ್ಬ ನಗುಮುಖದ ಕೆಲಸಗಾರ. ತನ್ನ ಒಬ್ಬ ಮಗ ಇದೇ ಜನಸಂದಣಿಯಲ್ಲಿದ್ದಾನೆ, ಇನ್ನೊಬ್ಬ ವಿಯೆಟ್ನಾಮಿನ ಯುದ್ಧದಲ್ಲಿದ್ದಾನೆ ಎಂದು ಅವನು ಹೇಳುತ್ತಾನೆ. ಆ ಕಾಲದ ಅಮೆರಿಕವೆಲ್ಲ ಆ ಒಂದು ಮನೆಯಲ್ಲಿದೆ.

ಅದೇ ವರ್ಷದ ‘ಗಿಮ್ಮಿ ಶೆಲ್ಟರ್’ ಘೋರವಾದದ್ದು. 1969ರ ಡಿಸೆಂಬರ್ 6ರಂದು ಆಲ್ಟಮಾಂಟಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕಚೇರಿ ನಡೆದಿದ್ದಾಗಲೇ ಮೆರೆಡಿತ್ ಹಂಟರ್ ಎಂಬ 18 ವರ್ಷದ ತರುಣ ಇರಿತದಿಂದ ಸತ್ತ. ಗಾಯಕ ಮಿಕ್ ಜ್ಯಾಗರ್ ಬಳಿಕ ಸಂಕಲನದ ಮೇಜಿನ ಮುಂದೆ ಕುಳಿತು ಆ ತುಣುಕನ್ನು ಮತ್ತೆ ತಿರುಗಿಸಿ ನೋಡುವುದನ್ನೂ ಚಿತ್ರದಲ್ಲಿ ಸೇರಿಸಿದ್ದಾರೆ. ಮಾರ್ಟಿನ್ ಸ್ಕಾರ್ಸೆಸೆಯವರ ‘ದಿ ಲಾಸ್ಟ್ ವಾಲ್ಟ್ಸ್’ (1978) ಚಿತ್ರವನ್ನು ಬಲ್ಲವರು ಬಹಳ ಹೊಗಳುತ್ತಾರೆ. ಬೆಳಕು ಸೊಗಸು, ಹಾಡು ಸೊಗಸು. ಆದರೆ ಕೇಳುಗರ ಮುಖ ಕಾಣುವುದೇ ಅಪರೂಪ; ಆದ್ದರಿಂದ ನನಗೆ ಅದು ಸ್ವಲ್ಪ ತಣ್ಣಗೆನಿಸುತ್ತದೆ.

ನಮ್ಮ ನಾಡಿನ ಗಾಯಕರಿಗೂ ಇಂಥ ಭಾಗ್ಯ ದೊರೆತಿದೆ. ಭೀಮಸೇನ ಜೋಶಿಯವರನ್ನು ಕುರಿತು ಗುಲ್ಜಾರರು ಚಿತ್ರ ಮಾಡಿದರು. ಮಲ್ಲಿಕಾರ್ಜುನ ಮನಸೂರರನ್ನು ಕುರಿತ ನಂದನ ಕುಡ್ಯಾಡಿಯವರ ‘ರಸಯಾತ್ರಾ’ 1994ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆಯಿತು. ಆದರೆ ವೇದಿಕೆ ಏರದವರ ಹಾಡಿನ ಗತಿಯೇನು? ಹಳೆಯ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸಿದ್ದರಿಂದ 1931ರಲ್ಲಿ ‘ಗರತಿಯ ಹಾಡು’ ಹೊರಬಂತು. ಅವರ ಋಣ ದೊಡ್ಡದು. ಆದರೂ ಪುಸ್ತಕ ನುಡಿಯನ್ನು ಉಳಿಸಬಲ್ಲದು. ದನಿಯನ್ನು, ಬೀಸುವ ಕಲ್ಲಿನ ಗುಡುಗನ್ನು, ಎದುರು ಕುಳಿತು ಸೊಲ್ಲೆತ್ತುವ ಗೆಳತಿಯ ಮುಖವನ್ನು ಅದು ಹೇಗೆ ಉಳಿಸೀತು?

ನಮ್ಮ ಆಯಿಗೆ ಎಂಬತ್ತು ದಾಟಿದೆ. ಹಿಟ್ಟಿನ ಗಿರಣಿ ಬಂದ ಮೇಲೆ ಅವಳ ಹಾಡು ನಿಂತಿತು. ಮೊಬೈಲ್ ಹಿಡಿದು “ಒಂದು ಹಾಡು ಅನ್ನಬೇ” ಎಂದರೆ, “ಸುಮ್ಮನ ಕುಂತು ಹ್ಯಾಂಗ ಹಾಡೂದೋ ತಮ್ಮಾ? ಕೈಯಾಗ ಕಲ್ಲಿನ ಗೂಟ ಇರಬೇಕು, ಎದುರಿಗೆ ಒಬ್ಬಾಕಿ ಇರಬೇಕು” ಎನ್ನುತ್ತಾಳೆ. ಪೆನ್ನೆಬೇಕರರು ತಿಳಿದದ್ದೂ ಇದನ್ನೇ ಇರಬೇಕು. ಕಲ್ಲು ಹಿತ್ತಲಲ್ಲಿ ಇನ್ನೂ ಇದೆ. ಎದುರು ಕೂಡ್ರಲು ಓಣಿಯ ಮುದುಕಿಯೊಬ್ಬಳು ಒಪ್ಪಿದ್ದಾಳೆ. ರಜೆಯಲ್ಲಿ ಐದು ಸೇರು ಜೋಳ ಬೀಸಿಸುವುದೆಂದು ನಿಶ್ಚಯಿಸಿದ್ದೇನೆ.