ಮೊದಲು ಪಾಲು, ಆಮೇಲೆ ಪತ್ರ, ಕೊನೆಗೆ ಪಾರ್ಟಿ

ಮಕ್ಕಳೇ, ನಿಮ್ಮಪ್ಪನ ವರ್ಷದ ತಿಥಿ ಇನ್ನೂ ಆಗಿಲ್ಲ, ಆಗಲೇ ಮಂಡಕಳ್ಳಿ ಮನೆಗೆ ‘ಪಾರ್ಟಿ ರೆಡಿ ಇದೆ’ ಅಂತ ಬ್ರೋಕರುಗಳು ನಿಮ್ಮಮ್ಮನಿಗೆ ಫೋನ್ ಮಾಡುತ್ತಿದ್ದಾರೆ. ನಂಜನಗೂಡು ರಸ್ತೆಗೆ ಹತ್ತಿರ, ವಿಮಾನ ನಿಲ್ದಾಣದ ಮಗ್ಗುಲು. ಕೇಳುವವರು ಇದ್ದೇ ಇರುತ್ತಾರೆ. ಮಾರಬೇಡಿ ಎನ್ನಲು ನಾನು ಇದನ್ನು ಬರೆಯುತ್ತಿಲ್ಲ. ಮಗಳು ಮಂಡ್ಯದಲ್ಲಿ, ಮಗ ಅಮೆರಿಕದಲ್ಲಿ, ಅಮ್ಮ ಅಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ. ಮಾರುವುದೇ ಸರಿ ಇರಬಹುದು. ಆದರೆ ಮಾರುವುದಕ್ಕೆ ಒಂದು ಕ್ರಮವಿದೆ. ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಕೂತು ವರ್ಷಗಟ್ಟಲೆ ಬೇರೆಯವರ ಮನೆ ಪತ್ರ ಓದಿದವನು ನಾನು. ಒಡೆದ ಮನೆಗಳಲ್ಲೆಲ್ಲ ಕಂಡದ್ದು ಒಂದೇ: ಮೊದಲು ರೇಟು ಮಾತಾಡಿ ಅಡ್ವಾನ್ಸ್ ತೆಗೆದುಕೊಂಡಿರುತ್ತಾರೆ, ಆಮೇಲೆ ಪತ್ರ ಹುಡುಕುತ್ತಾರೆ, ಯಾರಿಗೆ ಎಷ್ಟು ಪಾಲು ಎನ್ನುವುದು ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ನಿಂತಾಗ ಎದ್ದು ಬರುತ್ತದೆ. ನೀವು ಇದನ್ನು ತಿರುಗಿಸಿ ಮಾಡಿ. ಈ ಮನೆಯಲ್ಲಿ ನನಗೆ ಚಿಕ್ಕಾಸಿನ ಪಾಲೂ ಇಲ್ಲ, ಹಾಗಾಗಿ ಸೋದರಮಾವನಾಗಿ ನಿಷ್ಠುರವಾಗಿ ಹೇಳಬಲ್ಲೆ.

ಮೊದಲು ಪಾಲಿನ ಮಾತು. ಆ ಸೈಟನ್ನು ಭಾವನವರು 1986ರಲ್ಲಿ ತಮ್ಮ ಸಂಬಳದ ದುಡ್ಡಿನಲ್ಲಿ ಕೊಂಡದ್ದು. ಅದು ಸ್ವಯಾರ್ಜಿತ, ಪಿತ್ರಾರ್ಜಿತವಲ್ಲ. ಉಯಿಲು ಬರೆಯದೆ ಅವರು ಹೋಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ನಿಮ್ಮಪ್ಪನ ತಾಯಿ ಬದುಕಿದ್ದಿದ್ದರೆ ಅವರಿಗೂ ಅಷ್ಟೇ ಪಾಲು ಸೇರುತ್ತಿತ್ತು. ‘ಹೆಣ್ಣುಮಕ್ಕಳಿಗೆ ಪಾಲು ಬಂದದ್ದು ಈಚೆಗೆ, ಅದಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ’ ಎಂದು ನಿಮ್ಮ ದೊಡ್ಡಪ್ಪನ ಕಡೆಯವರು ಹೇಳಿದರಂತೆ. ಅದು ತಪ್ಪು. 1994ರ ಕರ್ನಾಟಕ ತಿದ್ದುಪಡಿ, 2005ರ ಕೇಂದ್ರ ತಿದ್ದುಪಡಿ, 2020ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ವಿನೀತಾ ಶರ್ಮ ತೀರ್ಪು, ಇವೆಲ್ಲ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕಿನ ವಿಷಯ. ಅಪ್ಪನ ಸ್ವಂತ ಸಂಪಾದನೆಯಲ್ಲಿ ಮಗಳಿಗೆ ಸಮಪಾಲು 1956ರಿಂದಲೇ ಇದೆ, ಮದುವೆ ಯಾವ ಇಸವಿಯಲ್ಲಾದರೂ ಸರಿ. ಮೊದಲೆಲ್ಲ ಗಂಡುಮಕ್ಕಳು ವಾಸವಿರುವ ಮನೆಯಲ್ಲಿ ಹೆಣ್ಣುಮಕ್ಕಳು ವಿಭಾಗ ಕೇಳುವಂತಿರಲಿಲ್ಲ. 2005ರಲ್ಲಿ ಆ ಕಲಮನ್ನೂ ತೆಗೆದುಹಾಕಿದರು. ನಮ್ಮ ಮೈಸೂರು ಸಂಸ್ಥಾನವಂತೂ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿಗೆಂದು ಕಾಯ್ದೆ ಮಾಡಿತ್ತು. ಅಂಥ ಊರಿನಲ್ಲಿ ಇದ್ದುಕೊಂಡು ಇವತ್ತಿಗೂ ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೈಗಿಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರ ಸಹಿ ಹಾಕಿಸಿಕೊಳ್ಳುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಮಗಳೇ, ನೀನು ನಿನ್ನ ಪಾಲನ್ನು ತಮ್ಮನಿಗೋ ಅಮ್ಮನಿಗೋ ಬಿಟ್ಟುಕೊಡುವುದಾದರೆ ಅದು ನಿನ್ನ ಮನಸ್ಸು, ನಾನು ತಡೆಯುವುದಿಲ್ಲ. ಆದರೆ ಬಿಡುವುದು ಎಷ್ಟು ಎಂದು ತಿಳಿದು ಬಿಡು. ಮನೆಯ ಬೆಲೆ ಎಷ್ಟು, ಅದರಲ್ಲಿ ಮೂರನೇ ಒಂದು ಎಷ್ಟು ಎಂದು ಕಾಗದದ ಮೇಲೆ ಬರೆದು ನೋಡಿದ ಮೇಲೆ ಸಹಿ ಹಾಕು. ಕುಟುಂಬದೊಳಗಿನ ಹಕ್ಕು ಬಿಡುಗಡೆಗೆ ಮುದ್ರಾಂಕ ಶುಲ್ಕ ಕೆಲವು ಸಾವಿರ ಮಾತ್ರ, ಮನೆಯ ಬೆಲೆಯ ಮೇಲಲ್ಲ. ಅಷ್ಟು ಅಗ್ಗ ಅನ್ನುವ ಕಾರಣಕ್ಕೇ ಅದನ್ನು ಆತುರದಲ್ಲಿ ಮಾಡಿಸುತ್ತಾರೆ. ನೋಂದಣಿ ಆದ ಬಿಡುಗಡೆ ಪತ್ರವನ್ನು ಆಮೇಲೆ ಮನಸ್ಸು ಬದಲಾಯಿತು ಎಂದು ವಾಪಸ್ ಪಡೆಯಲಾಗದು.

ಇನ್ನು ನಿಮ್ಮಮ್ಮ. ‘ಅಮ್ಮ ನಮ್ಮ ಜೊತೆ ಇರ್ತಾರೆ, ಅವರ ಪಾಲು ಯಾಕೆ ಬೇರೆ’ ಎಂದು ಮಗರಾಯ ಫೋನಿನಲ್ಲಿ ಅಂದೆಯಂತೆ. ಪ್ರೀತಿಯಿಂದಲೇ ಅಂದಿರುತ್ತೀಯ. ಆದರೆ ನನ್ನ ಮಾತು ಕೇಳು: ಅಮ್ಮನ ಪಾಲು ಅಮ್ಮನ ಖಾತೆಗೇ ಹೋಗಬೇಕು, ಅದರ ಪಾಸ್‌ಬುಕ್ ಅವಳ ಬೀರುವಿನಲ್ಲೇ ಇರಬೇಕು. ಮನೆ ಮಾರಿದ ದುಡ್ಡನ್ನು ಮಕ್ಕಳಿಗೆ ಹಂಚಿ, ಆರಾರು ತಿಂಗಳಿಗೆ ಒಬ್ಬೊಬ್ಬರ ಮನೆಗೆ ಬಟ್ಟೆ ಚೀಲ ಹೊತ್ತುಕೊಂಡು ತಿರುಗುವ ತಾಯಂದಿರು ಪಿಂಚಣಿಗೆಂದು ನಮ್ಮ ಬ್ಯಾಂಕಿನ ಕೌಂಟರಿಗೆ ಬರುತ್ತಿದ್ದರು. ಅವರ ಮಕ್ಕಳು ಕೆಟ್ಟವರೇನಲ್ಲ. ತಾಯಿಯ ಕೈಯಲ್ಲಿ ದುಡ್ಡಿಲ್ಲದಿದ್ದರೆ ಒಳ್ಳೆಯ ಮನೆಯಲ್ಲೂ ಅವಳು ಕೇಳಿ ಪಡೆಯುವವಳಾಗುತ್ತಾಳೆ. ಮಂಡಕಳ್ಳಿ ಬಿಟ್ಟ ಮೇಲೆ ಅವಳು ಎಲ್ಲಿರುತ್ತಾಳೆ, ಯಾರ ಹೆಸರಿನ ಮನೆಯಲ್ಲಿ, ಇದಕ್ಕೆ ಉತ್ತರ ಸಿಗುವ ತನಕ ರೇಟಿನ ಮಾತೇ ಬೇಡ.

ಉಯಿಲು ಇದೆಯೋ ಇಲ್ಲವೋ ಮೊದಲು ಹುಡುಕಿ. ಬೀರು, ಬ್ಯಾಂಕ್ ಲಾಕರು, ನೋಂದಣಿ ಕಚೇರಿ ಮೂರೂ ಕಡೆ ವಿಚಾರಿಸಿ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ಮಗನೇ, ಅಮೆರಿಕದ ಗೆಳೆಯರು ‘ಪ್ರೊಬೇಟ್ ಆಯಿತೇ’ ಎಂದು ಕೇಳಿದ್ದಕ್ಕೆ ಗಾಬರಿ ಬೀಳಬೇಡ. ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯ ಮಾಡಿದ ಹಳೆಯ ನಿಯಮ ಬ್ರಿಟಿಷರ ಕೊಲ್ಕತ್ತ, ಮದ್ರಾಸು, ಮುಂಬಯಿಗೆ ಸಂಬಂಧಿಸಿದ್ದು. ಮೈಸೂರಿನ ಮನೆಗೆ ಅದು ಅನ್ವಯಿಸಿದ್ದೇ ಇಲ್ಲ. ಉಯಿಲಿನ ಮೇಲೆ ತಕರಾರು ಎದ್ದರೆ ಮಾತ್ರ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಹಾಗೆ ಸಾಬೀತು ಮಾಡುವುದು ಹೇಗೆ ಎಂದು ಇಡೀ ದೇಶದ ವಕೀಲರು ಇಂದಿಗೂ ಎತ್ತಿ ಹೇಳುವ ತೀರ್ಪು ಮೈಸೂರು ಹೈಕೋರ್ಟಿನಿಂದ ಮೇಲ್ಮನವಿ ಹೋದ ಮೊಕದ್ದಮೆಯದು: ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ.ಎನ್. ತಿಮ್ಮಾಜಮ್ಮ, ಸುಪ್ರೀಂ ಕೋರ್ಟ್, 1958. ಉಯಿಲು ಬರೆಸುವುದರಲ್ಲಿ ಮುಂದೆ ನಿಂತವನೇ ಅದರಿಂದ ಲಾಭ ಪಡೆಯುವುದಾದರೆ, ಅನುಮಾನ ನಿವಾರಿಸುವ ಹೊಣೆಯೂ ಅವನದೇ ಎಂದು ಕೋರ್ಟು ಹೇಳಿತು. ಆ ಉಯಿಲನ್ನು ಒಪ್ಪಲಿಲ್ಲ. ಇನ್ನೊಂದು ಮಾತು, ಕೋರ್ಟಿನಿಂದ ತರುವ ಉತ್ತರಾಧಿಕಾರ ಪ್ರಮಾಣಪತ್ರ ಬ್ಯಾಂಕ್ ಠೇವಣಿ, ಷೇರು, ಬರಬೇಕಾದ ಬಾಕಿಗೆ. ಮನೆಗೆ ಅದು ಬೇಡ. ವಂಶವೃಕ್ಷ, ಮರಣ ಪ್ರಮಾಣಪತ್ರ ಸಾಕು.

ಈಗ ಪತ್ರ. ಅಟ್ಟದ ಮೇಲಿನ ಹಸಿರು ಟ್ರಂಕನ್ನು ಇಳಿಸಿ. ಅದರಲ್ಲಿ ಛಾಪಾ ಕಾಗದದ ಕ್ರಯಪತ್ರ ಇದೆ, ನಾನು ನೋಡಿದ್ದೇನೆ. ಮೊದಲು ಕೊನೆಯ ಪುಟದ ಚಕ್ಕುಬಂದಿ ಓದಿ: ಪೂರ್ವಕ್ಕೆ ಯಾರ ಜಾಗ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಇನ್ನೊಂದು ಸೈಟು. ಟೇಪು ಹಿಡಿದು ಅಳೆಯಿರಿ. ಅಳತೆ ಪತ್ರಕ್ಕೆ ಹೊಂದದಿದ್ದರೆ ಕೊಳ್ಳುವವನ ವಕೀಲ ಹೇಳುವ ಮೊದಲೇ ನಿಮಗೆ ಗೊತ್ತಿರಲಿ. ಆಮೇಲೆ ಹೆಸರು ನೋಡಿ. ಕ್ರಯಪತ್ರದಲ್ಲಿ ಭಾವನವರ ಹೆಸರಿಗೆ ಊರಿನ ಇನಿಷಿಯಲ್ ಸೇರಿದೆ, ಆಧಾರಿನಲ್ಲಿ ಅಪ್ಪನ ಇನಿಷಿಯಲ್ ಮಾತ್ರ, ಕರೆಂಟು ಬಿಲ್ಲಿನಲ್ಲಿ ಒತ್ತಕ್ಷರವೇ ಬೇರೆ. ಮೂರೂ ಒಬ್ಬರದೇ ಹೆಸರು ಎಂದು ಪ್ರಮಾಣಪತ್ರ ಮಾಡಿಸಬೇಕು. ಇಂಥ ಒಂದು ಅಕ್ಷರಕ್ಕೆ ತಿಂಗಳುಗಟ್ಟಲೆ ನಿಂತ ಸಾಲದ ಫೈಲುಗಳು ನನ್ನ ಮೇಜಿನ ಮೇಲೆ ಇರುತ್ತಿದ್ದವು.

ಮಂಡಕಳ್ಳಿ ಮೊದಲು ಹಳ್ಳಿ, ಈಗ ನಗರ ಅದರ ಮೇಲೆ ಬಂದು ಕೂತಿದೆ. ಇಂಥ ಊರುಗಳಲ್ಲಿ ಒಂದೇ ಬೀದಿಯ ಮನೆಗಳ ಮೂಲ ಬೇರೆ ಬೇರೆ ಇರುತ್ತದೆ. ಒಂದು ಗ್ರಾಮಠಾಣಾ ಜಾಗ, ಒಂದು ಮಂಜೂರಾದ ಬಡಾವಣೆಯ ಸೈಟು, ಮತ್ತೊಂದು ಭೂಪರಿವರ್ತನೆ ಆಗದ ಹೊಲದಲ್ಲಿ ಬಿದ್ದ ರೆವಿನ್ಯೂ ಸೈಟು. ನಮ್ಮದು ಯಾವುದು ಎಂದು ಮೂಲ ದಾಖಲೆಯಿಂದಲೇ ತಿಳಿಯಬೇಕು. ಪಕ್ಕದ ಮನೆಯವರದು ಸರಿ ಇದೆ ಎಂಬ ಧೈರ್ಯ ಸಾಲದು. ಪಂಚಾಯಿತಿ ಕಾಲದ ನಮೂನೆ 9, 11 ಇದ್ದರೆ ತೆಗೆದಿಡಿ. ಋಣಭಾರ ಪತ್ರದಲ್ಲಿ 2004ರ ಈಚಿನದು ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದನ್ನು ನೋಂದಣಿ ಕಚೇರಿಯ ಕೈಬರಹದ ಪುಸ್ತಕದಿಂದ ತೆಗೆಸಬೇಕು. ಖಾತೆಯನ್ನು ಮೂವರ ಹೆಸರಿಗೂ ಜಂಟಿಯಾಗಿ ಮಾಡಿಸಿ. 2024ರ ಅಕ್ಟೋಬರಿನಿಂದ ರಾಜ್ಯದಲ್ಲಿ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಆದರೆ ಖಾತೆ ಎಂದರೆ ಕಂದಾಯ ಕಟ್ಟುವವರ ಲೆಕ್ಕ, ಅಷ್ಟೇ. ಖಾತೆ ಒಬ್ಬನ ಹೆಸರಿಗಾದ ಮಾತ್ರಕ್ಕೆ ಮನೆ ಅವನದಾಗುವುದಿಲ್ಲ. ವಿಮಾನ ನಿಲ್ದಾಣದ ಸುತ್ತ ಕಟ್ಟಡದ ಎತ್ತರಕ್ಕೆ ಮಿತಿ ಇದೆ, ರನ್‌ವೇ ವಿಸ್ತರಣೆಗೆ ಭೂಸ್ವಾಧೀನದ ಮಾತೂ ವರ್ಷಗಳಿಂದ ಇದೆ. ನಮ್ಮ ಸರ್ವೆ ನಂಬರು ಯಾವ ಅಧಿಸೂಚನೆಯಲ್ಲೂ ಇಲ್ಲ ಎಂದು ಖಚಿತಮಾಡಿಕೊಂಡು ಅದನ್ನು ಕೊಳ್ಳುವವರಿಗೂ ತೋರಿಸಿ. ಮುಚ್ಚಿಟ್ಟು ಮಾರಿದ್ದು ನಿಮ್ಮಪ್ಪನ ಮನೆಯ ಹೆಸರಿಗೆ ಬೇಡ.

ತೆರಿಗೆಗೆ ಹೆದರುವುದಕ್ಕಿಂತ ಲೆಕ್ಕ ಹಾಕುವುದು ಮೇಲು. ಅಪ್ಪನ ಮನೆ ನಿಮಗೆ ಬಂದದ್ದಕ್ಕೆ ತೆರಿಗೆ ಇಲ್ಲ. ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯಿತು. ತೆರಿಗೆ ಬರುವುದು ಮಾರಿದಾಗಿನ ಲಾಭಕ್ಕೆ. 2001ಕ್ಕೂ ಹಿಂದಿನ ಮನೆಯಾದ್ದರಿಂದ 2001ರ ಏಪ್ರಿಲ್ 1ರಂದು ಅದಕ್ಕಿದ್ದ ಬೆಲೆಯನ್ನೇ ಅಸಲು ಎಂದು ಹಿಡಿಯಬಹುದು, ಆದರೆ ಆ ದಿನದ ಮಾರ್ಗಸೂಚಿ ದರ ಮೀರದಂತೆ. ನೋಂದಾಯಿತ ಮೌಲ್ಯಮಾಪಕರಿಂದ ವರದಿ ತೆಗೆದುಕೊಳ್ಳಿ. 2024ರ ಜುಲೈ 23ರಿಂದ ಎರಡು ದಾರಿ ಇವೆ: ಹಣದುಬ್ಬರದ ಹೊಂದಾಣಿಕೆ ಇಲ್ಲದೆ ಶೇ. 12.5, ಅಥವಾ ಹೊಂದಾಣಿಕೆ ಮಾಡಿ ಶೇ. 20. ಎರಡನೆಯದು ಆ ದಿನಕ್ಕೆ ಮೊದಲು ಬಂದ ಆಸ್ತಿಗೆ, ಅದೂ ಭಾರತದ ನಿವಾಸಿಗಳಿಗೆ ಮಾತ್ರ. ಅಮ್ಮ, ಮಗಳು ಇಬ್ಬರೂ ಅಪ್ಪನ ಮರಣದ ದಿನವನ್ನು ಲೆಕ್ಕಿಗರಿಗೆ ತೋರಿಸಿಯೇ ಇದನ್ನು ತೀರ್ಮಾನಿಸಿ. ಲೆಕ್ಕದ ಬಗೆ ತಿಳಿಯಲಿ ಎಂದು ಒಂದು ಉದಾಹರಣೆ: ಮನೆ 90 ಲಕ್ಷಕ್ಕೆ ಹೋಯಿತು, 2001ರ ಬೆಲೆ 6 ಲಕ್ಷ ಅನ್ನಿ. ಮೊದಲ ದಾರಿಯಲ್ಲಿ ಲಾಭ 84 ಲಕ್ಷ, ತೆರಿಗೆ 10.5 ಲಕ್ಷ. ಎರಡನೆಯದರಲ್ಲಿ 2025-26ರ ಸೂಚ್ಯಂಕ 376 ಹಿಡಿದರೆ ಅಸಲು 22.56 ಲಕ್ಷವಾಗುತ್ತದೆ, ತೆರಿಗೆ ಸುಮಾರು 13.49 ಲಕ್ಷ. ಮೊದಲನೆಯದೇ ಲಾಭ. 2001ರ ಬೆಲೆ 15 ಲಕ್ಷ ಇದ್ದಿದ್ದರೆ ಫಲಿತಾಂಶ ತಿರುಗುತ್ತಿತ್ತು, 9.38 ಲಕ್ಷದ ಎದುರು 6.72 ಲಕ್ಷ. ಇದರ ಮೇಲೆ ಸೆಸ್ ಬೇರೆ. ಲಾಭ ಮೂರು ಭಾಗವಾಗಿ ಮೂವರ ರಿಟರ್ನಿನಲ್ಲೂ ಬೇರೆ ಬೇರೆ ತೋರಬೇಕು.

ಅಮ್ಮ ತನ್ನ ಲಾಭದ ಹಣದಲ್ಲಿ ಎರಡು ವರ್ಷದೊಳಗೆ ಚಿಕ್ಕ ಮನೆಯನ್ನೋ ಫ್ಲ್ಯಾಟನ್ನೋ ಕೊಂಡರೆ ಅಷ್ಟರ ಮಟ್ಟಿಗೆ ಅವಳಿಗೆ ತೆರಿಗೆ ಇಲ್ಲ. ಕಟ್ಟಿಸುವುದಾದರೆ ಮೂರು ವರ್ಷ. ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಕೊಳ್ಳಲಾಗದಿದ್ದರೆ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು. ಅದು ಬೇಡವಾದರೆ ಆರು ತಿಂಗಳೊಳಗೆ 50 ಲಕ್ಷದ ತನಕ ಸರ್ಕಾರಿ ಸಂಸ್ಥೆಗಳ ನಿಗದಿತ ಬಾಂಡು ಕೊಳ್ಳಬಹುದು, ಐದು ವರ್ಷ ಮುಟ್ಟುವಂತಿಲ್ಲ.

ಮಗನೇ, ನೀನು ಅನಿವಾಸಿ. ನಿನ್ನ ಪಾಲಿಗೆ ಕೊಳ್ಳುವವರು ಶೇ. 1 ಅಲ್ಲ, ಅದಕ್ಕಿಂತ ಬಹಳ ಹೆಚ್ಚು ಹಿಡಿದು ಕಟ್ಟಬೇಕಾಗುತ್ತದೆ. ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ಮೊದಲೇ ಅರ್ಜಿ ಹಾಕು, ಕ್ರಯದ ದಿನ ಹತ್ತಿರ ಬಂದಾಗ ಅಲ್ಲ. ಹಣ ನಿನ್ನ ಎನ್‌ಆರ್‌ಒ ಖಾತೆಗೆ ಬರಬೇಕು. ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರಿನವರೆಗೆ ಕೊಂಡೊಯ್ಯಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಬರಲಾಗದಿದ್ದರೆ ನಿನ್ನ ಅಕ್ಕನಿಗೆ ಅಧಿಕಾರಪತ್ರ ಕೊಡು. ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಇಲ್ಲಿ ಮುದ್ರಾಂಕ ಕಟ್ಟಿಸಬೇಕು. ಈ ಮನೆಯ ಮಾರಾಟ ಎಂದಷ್ಟೇ ಬರೆಸು, ‘ಎಲ್ಲ ಅಧಿಕಾರ’ ಎಂದು ಬೇಡ.

ಪಾರ್ಟಿ ಬಂದಾಗ ಒಂದು ಮಾತು ಖಂಡಿತ ಬರುತ್ತದೆ: ‘ಇಷ್ಟು ವೈಟು, ಇಷ್ಟು ಬ್ಲ್ಯಾಕು.’ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದ ಮೇಲೆ ಈ ಒತ್ತಾಯ ಇನ್ನೂ ಜಾಸ್ತಿ. ಒಪ್ಪಬೇಡಿ. ಮನೆ ಮಾರಾಟಕ್ಕೆ 20 ಸಾವಿರ ಅಥವಾ ಅದಕ್ಕೂ ಮೇಲೆ ನಗದು ಪಡೆದರೆ ಪಡೆದಷ್ಟೇ ದಂಡ ಬೀಳಬಹುದು. ಮಾರ್ಗಸೂಚಿ ದರ ಪತ್ರದಲ್ಲಿ ತೋರಿಸಿದ ಬೆಲೆಗಿಂತ ಶೇ. 10ಕ್ಕೂ ಮೀರಿ ಹೆಚ್ಚಾಗಿದ್ದರೆ ತೆರಿಗೆ ಹಾಕುವುದು ಮಾರ್ಗಸೂಚಿ ದರದ ಮೇಲೆಯೇ. ಕಪ್ಪು ದುಡ್ಡಿನಲ್ಲಿ ಅಮ್ಮನಿಗೆ ಮನೆ ಕೊಡಿಸಿ ವಿನಾಯಿತಿ ಕೇಳಲೂ ಆಗದು. ಮೂವರ ಪಾಲಿಗೆ ಮೂರು ಬ್ಯಾಂಕ್ ಡಿಡಿ, ನೋಂದಣಿಯ ದಿನವೇ ಕೈಗೆ.

ಮನೆ ಮಾರಿದರೆ ಅಪ್ಪನನ್ನೇ ಮಾರಿದಂತೆ ಎಂದು ಕೆಲವರು ಅನ್ನುತ್ತಾರೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರು ಕಟ್ಟಿಸಿದ ಮನೆಯನ್ನು 2011ರಲ್ಲಿ ಕೆಡವಲು ಶುರುಮಾಡಿದಾಗ ಊರು ಎದ್ದು ನಿಂತು ತಡೆಯಿತು, ಪಾಲಿಕೆ ಕೊಂಡು ರಿಪೇರಿ ಮಾಡಿಸಿ 2016ರಲ್ಲಿ ಮ್ಯೂಸಿಯಂ ಮಾಡಿತು. ನಮ್ಮಂಥವರ ಮನೆಗೆ ಅಂಥ ಭಾಗ್ಯ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಭಾವನವರು ಮನೆ ಕಟ್ಟಿಸಿದ್ದು ಹೆಂಡತಿ ಮಕ್ಕಳು ನೆಮ್ಮದಿಯಾಗಿರಲಿ ಎಂದು. ಮಾರುವುದೂ ಅದೇ ಕಾರಣಕ್ಕೆ ಆದರೆ ಅವರ ಆಸೆಗೆ ಅಪಚಾರವಿಲ್ಲ.

ಈ ಭಾನುವಾರ ಮಗಳು ಮಂಡ್ಯದಿಂದ ಬಾ, ಮಗ ವಿಡಿಯೋ ಕಾಲಿನಲ್ಲಿ ಸೇರು, ಅಮ್ಮನನ್ನು ಮಧ್ಯದಲ್ಲಿ ಕೂರಿಸಿ. ಮೂವರ ಪಾಲು, ಅಮ್ಮನ ಮುಂದಿನ ವಾಸ, ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿ. ಅದಾಗುವವರೆಗೆ ಯಾವ ಬ್ರೋಕರ್ ಕೈಯಿಂದಲೂ ಒಂದು ರೂಪಾಯಿ ಟೋಕನ್ ಮುಟ್ಟಬೇಡಿ.