ಭತ್ತದ ಗದ್ದೆಯ ಸೊಳ್ಳೆಗಳಿಗೆ ಬೇವಿನ ನ್ಯಾನೊ ಔಷಧಿ

ನಾಟಿ ಮುಗಿದು ಗದ್ದೆಯಲ್ಲಿ ನೀರು ನಿಂತ ಎರಡು ವಾರಗಳಲ್ಲಿ ಊರಿನೊಳಗೆ ಸೊಳ್ಳೆಗಳ ಕಾಟ ಹೆಚ್ಚುವುದನ್ನು ಭತ್ತ ಬೆಳೆಯುವ ರೈತರೆಲ್ಲರೂ ಬಲ್ಲರು. ಇವುಗಳಲ್ಲಿ ಕ್ಯೂಲೆಕ್ಸ್ ವಿಷ್ಣುಯಿ ಗುಂಪಿನ ಸೊಳ್ಳೆಗಳು ಜಪಾನೀಸ್ ಮೆದುಳು ಜ್ವರವನ್ನು ಹರಡುತ್ತವೆ. ಮಂಡ್ಯ, ಕೋಲಾರ ಮತ್ತು ಬಳ್ಳಾರಿ ಜಿಲ್ಲೆಗಳು ಈ ರೋಗವನ್ನು ಕಂಡಿವೆ. ಮೆದುಳಿಗೆ ಬಾವು ಬಂದ ರೋಗಿಗಳಲ್ಲಿ ನೂರಕ್ಕೆ 30ರವರೆಗೂ ಸಾವು ಸಂಭವಿಸಬಹುದು. ಬದುಕಿ ಉಳಿದ ಮಕ್ಕಳಲ್ಲಿ ಅನೇಕರಿಗೆ ಕೈಕಾಲಿನ ಅಥವಾ ಬುದ್ಧಿಯ ಊನ ಶಾಶ್ವತವಾಗಿ ಉಳಿಯುತ್ತದೆ.

"ಸ್ವಾಮಿ, ಯೂರಿಯಾಕ್ಕೆ ನ್ಯಾನೊ ಬಂತು. ಸೊಳ್ಳೆಗೂ ಬೇವಿನ ನ್ಯಾನೊ ಔಷಧಿ ಬಂದಿದೆಯಂತೆ, ಗದ್ದೆಗೆ ಹಾಕಬಹುದೇ?" ಎಂದು ರೈತರು ಈಗ ಕೇಳುತ್ತಿದ್ದಾರೆ. ಈ ಪ್ರಶ್ನೆಗೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ.

ನ್ಯಾನೊ ಎಂದರೇನು?

ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಒಂದು ನ್ಯಾನೊಮೀಟರು. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರು ಗಾತ್ರದ ಕಣಗಳಿಗೆ ನ್ಯಾನೊ ಕಣಗಳೆನ್ನುತ್ತಾರೆ. ಕಣ ಚಿಕ್ಕದಾದಷ್ಟೂ ಅದೇ ತೂಕದ ವಸ್ತುವಿನ ಮೇಲ್ಮೈ ಹೆಚ್ಚುತ್ತದೆ. ಇಡೀ ಬೆಲ್ಲದ ಅಚ್ಚಿಗಿಂತ ಪುಡಿ ಬೆಲ್ಲ ಬೇಗ ಕರಗುವುದು ಇದೇ ಕಾರಣದಿಂದ. ಆದ್ದರಿಂದ ಔಷಧಿಯ ಪ್ರಮಾಣ ಕಡಿಮೆಯಾದರೂ ಪರಿಣಾಮ ಹೆಚ್ಚುತ್ತದೆ.

ಸಸ್ಯಮೂಲದ ನ್ಯಾನೊ ಔಷಧಿಗಳಲ್ಲಿ ಮುಖ್ಯವಾಗಿ ಎರಡು ಬಗೆ.

1. ಬೆಳ್ಳಿಯ ಕಣಗಳು: ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಎಲೆಯ ಕಷಾಯವನ್ನು ಸೇರಿಸಿದಾಗ ಎಲೆಯಲ್ಲಿರುವ ವಸ್ತುಗಳು ಬೆಳ್ಳಿಯನ್ನು ಅತಿ ಸಣ್ಣ ಕಣಗಳಾಗಿ ಬೇರ್ಪಡಿಸುತ್ತವೆ. ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತದೆ.

2. ಎಣ್ಣೆಯ ಹನಿಗಳು: ಬೇವಿನ ಎಣ್ಣೆಯನ್ನು ಸಾಬೂನಿನ ಗುಣವುಳ್ಳ ವಸ್ತುವಿನೊಡನೆ ನೀರಿನಲ್ಲಿ ಬೆರೆಸಿ, ಹನಿಗಳನ್ನು ನ್ಯಾನೊ ಗಾತ್ರಕ್ಕೆ ಇಳಿಸಲಾಗುತ್ತದೆ.

ಮರಿಹುಳುಗಳ ಮೇಲೆ ಪರಿಣಾಮ

ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ವಸ್ತು ಮರಿಹುಳು ಪೊರೆ ಕಳಚಿ ಬೆಳೆಯುವುದಕ್ಕೆ ಅಡ್ಡಿ ಮಾಡುತ್ತದೆ. ಆದರೆ ಎಣ್ಣೆ ನೀರಿನಲ್ಲಿ ಬೆರೆಯದೆ ಮೇಲೆ ತೇಲುತ್ತದೆ. ಬಿಸಿಲಿಗೆ ಅಜಾಡಿರಾಕ್ಟಿನ್ ಕೆಲವೇ ದಿನಗಳಲ್ಲಿ ಶಕ್ತಿಗುಂದುತ್ತದೆ. ಎಣ್ಣೆಯನ್ನು ನ್ಯಾನೊ ಹನಿಗಳಾಗಿ ಮಾಡಿದರೆ ಅದು ನೀರಿನಲ್ಲೆಲ್ಲ ಸಮನಾಗಿ ಹರಡುತ್ತದೆ.

ವೆಲ್ಲೂರಿನ ವಿಐಟಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೇವಿನ ಎಣ್ಣೆಯ ಹನಿಗಳನ್ನು ಸುಮಾರು 251 ನ್ಯಾನೊಮೀಟರಿನಿಂದ 31 ನ್ಯಾನೊಮೀಟರಿಗೆ ಇಳಿಸಲಾಯಿತು. ಆನೆಕಾಲು ರೋಗ ಹರಡುವ ಸೊಳ್ಳೆಯ ಮರಿಹುಳುಗಳ ಮೇಲೆ ಪರೀಕ್ಷಿಸಿದಾಗ, ಹನಿ ಚಿಕ್ಕದಾದಂತೆ ಅವುಗಳನ್ನು ಕೊಲ್ಲಲು ಬೇಕಾದ ಔಷಧಿಯ ಪ್ರಮಾಣವೂ ಕಡಿಮೆಯಾಯಿತು.

ಗದ್ದೆಗೆ ಈಗಲೇ ಏಕೆ ಬೇಡ?

ಇಂಥ ಪರೀಕ್ಷೆಗಳು ಬಹುಮಟ್ಟಿಗೆ ಗಾಜಿನ ಪಾತ್ರೆಯ ತಿಳಿನೀರಿನಲ್ಲಿ ನಡೆದಿವೆ. ಗದ್ದೆಯ ನೀರಿನಲ್ಲಿ ಕೆಸರು, ಪಾಚಿ, ಗೊಬ್ಬರ ಎಲ್ಲವೂ ಇರುತ್ತವೆ. ಕಣಗಳು ಕೆಸರಿಗೆ ಅಂಟಿಕೊಂಡರೆ ಮರಿಹುಳುವಿಗೆ ತಲುಪುವುದಿಲ್ಲ. ಬೆಳ್ಳಿಯು ಬೇವಿನಂತೆ ಕೊಳೆತು ಹೋಗುವುದಿಲ್ಲ, ಮಣ್ಣಿನಲ್ಲಿಯೇ ಉಳಿಯುತ್ತದೆ. ಮೀನುಗಳಿಗೂ ನೀರಿನ ಸಣ್ಣ ಜೀವಿಗಳಿಗೂ ಅದು ವಿಷ. ಸೊಳ್ಳೆಯ ಮರಿಹುಳುಗಳನ್ನು ತಿನ್ನುವ ಮೀನು ಮತ್ತು ಏರೋಪ್ಲೇನ್ ಚಿಟ್ಟೆಯ ಮರಿಗಳೇ ಸತ್ತರೆ ಸೊಳ್ಳೆಗಳು ಮತ್ತಷ್ಟು ಹೆಚ್ಚುತ್ತವೆ. "ಎಲೆಯಿಂದ ಮಾಡಿದ್ದು" ಎಂದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಬಾರದು.

ನ್ಯಾನೊ ಕೃಷಿ ಸಾಮಗ್ರಿಗಳ ಪರೀಕ್ಷೆಗೆ ಕೇಂದ್ರ ಸರ್ಕಾರ 2020ರಲ್ಲಿ ಮಾರ್ಗಸೂಚಿಯನ್ನು ಪ್ರಕಟಿಸಿದೆ. ಯಾವುದೇ ಕೀಟನಾಶಕವು 1968ರ ಕೀಟನಾಶಕ ಕಾಯ್ದೆಯಂತೆ ನೋಂದಣಿಯಾಗಿರಬೇಕು. ಅಂಗಡಿಯವರು ನ್ಯಾನೊ ಬೇವು ಎಂದು ಬಾಟಲಿ ಕೊಟ್ಟರೆ ನೋಂದಣಿ ಸಂಖ್ಯೆಯನ್ನೂ, ಯಾವ ಕೀಟಕ್ಕೆ ಶಿಫಾರಸು ಎಂಬುದನ್ನೂ ಚೀಟಿಯಲ್ಲಿ ಓದಿ ನೋಡಬೇಕು. ಸಿಲ್ವರ್ ನೈಟ್ರೇಟ್ ತಂದು ಮನೆಯಲ್ಲಿ ತಯಾರಿಸುವ ಪ್ರಯತ್ನವನ್ನು ಖಂಡಿತ ಮಾಡಕೂಡದು.

ಈಗ ಮಾಡಬೇಕಾದ ಕೆಲಸಗಳು

* ನೀರಿನ ನಿರ್ವಹಣೆ: ನಮ್ಮ ಹವೆಯಲ್ಲಿ ಸೊಳ್ಳೆಯ ಮೊಟ್ಟೆ ಒಡೆದು, ಮರಿಹುಳು ಕೋಶವಾಗಿ, ಸೊಳ್ಳೆ ಹಾರಲು ಸುಮಾರು 7ರಿಂದ 10 ದಿನ ಬೇಕು. ನಾಟಿಯ ಪೈರು ಬೇರು ಬಿಟ್ಟ ಮೇಲೆ, ಸುಮಾರು ಎರಡು ವಾರದ ನಂತರ, ವಾರಕ್ಕೊಮ್ಮೆ ಎರಡು ಮೂರು ದಿನ ನೀರು ಇಂಗಲು ಬಿಡಬೇಕು. ಮರಿಹುಳುಗಳು ಒಣಗಿ ಸಾಯುತ್ತವೆ, ನೀರೂ ಉಳಿಯುತ್ತದೆ. ನೀರಿನ ಮಟ್ಟ ನೆಲದಿಂದ 15 ಸೆಂ.ಮೀ.ಗಿಂತ ಕೆಳಗೆ ಇಳಿಯುವ ಮೊದಲು ಮತ್ತೆ ನೀರು ಕೊಡಬೇಕು. ಹೂ ಬಿಡುವ ಕಾಲದಲ್ಲಿ ಗದ್ದೆಯನ್ನು ಒಣಗಿಸಬಾರದು.

* ಬೇವಿನ ಹಿಂಡಿ: ತಮಿಳುನಾಡಿನ ಭತ್ತದ ಗದ್ದೆಗಳಲ್ಲಿ ನಡೆದು 1992ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೆಕ್ಟೇರಿಗೆ 500 ಕಿ.ಗ್ರಾಂ. ಬೇವಿನ ಹಿಂಡಿಯ ಪುಡಿ ಹಾಕಿದಾಗ ಬಲಿತ ಮರಿಹುಳುಗಳೂ ಕೋಶಗಳೂ ಗಣನೀಯವಾಗಿ ಕಡಿಮೆಯಾದವು. ಸರದಿಯ ನೀರಾವರಿ ಜೊತೆಗಿದ್ದಲ್ಲಿ ಫಲ ಇನ್ನೂ ಹೆಚ್ಚು. ಹಿಂಡಿಯನ್ನು ಯೂರಿಯಾದೊಡನೆ ಬೆರೆಸಿದರೆ ಸಾರಜನಕದ ನಷ್ಟವೂ ತಗ್ಗುತ್ತದೆ. 2015ರಿಂದ ಕಡ್ಡಾಯವಾಗಿರುವ ಬೇವು ಲೇಪಿತ ಯೂರಿಯಾದಲ್ಲಿ ಎಣ್ಣೆಯ ಲೇಪ ಬಹಳ ತೆಳು. ಅದನ್ನೇ ಸೊಳ್ಳೆಯ ಔಷಧಿಯೆಂದು ನಂಬಬಾರದು.

* ಹಂದಿ ಗೂಡು: ರೋಗಾಣು ಬೆಳ್ಳಕ್ಕಿಯಂಥ ನೀರುಹಕ್ಕಿಗಳಿಂದ ಸೊಳ್ಳೆಯ ಮೂಲಕ ಹಂದಿಗೆ ಬಂದು ಅಲ್ಲಿ ವೃದ್ಧಿಯಾಗುತ್ತದೆ. ಆದ್ದರಿಂದ ಹಂದಿ ಗೂಡು ಮನೆಗಳಿಂದ ದೂರವಿರಲಿ.

* ಲಸಿಕೆ: ಸೊಳ್ಳೆ ಎಷ್ಟು ಕಡಿಮೆಯಾದರೂ ಮಕ್ಕಳಿಗೆ ಲಸಿಕೆಯೇ ಮುಖ್ಯ ರಕ್ಷಣೆ. ರೋಗವಿರುವ ಜಿಲ್ಲೆಗಳಲ್ಲಿ 9 ತಿಂಗಳಿಗೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಹಾಕುತ್ತಾರೆ. 2013ರಲ್ಲಿ ಬಂದ ದೇಶೀಯ ಲಸಿಕೆ ನಮ್ಮ ಕೋಲಾರದಲ್ಲಿ ಪತ್ತೆಯಾದ ರೋಗಾಣುವಿನಿಂದಲೇ ತಯಾರಾದದ್ದು. ಜ್ವರದೊಡನೆ ಫಿಟ್ಸ್ ಅಥವಾ ಮಂಪರು ಕಂಡರೆ ತಡಮಾಡದೆ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕು.

ಬೇವಿನ ನ್ಯಾನೊ ಔಷಧಿ ಮುಂದೆ ಒಳ್ಳೆಯ ಸಾಧನವಾಗುವ ಸೂಚನೆಗಳಿವೆ. ಗದ್ದೆಯ ಪರೀಕ್ಷೆ ಮುಗಿದು ನೋಂದಣಿಯಾದ ಮೇಲೆ ಅದನ್ನು ಬಳಸೋಣ. ಅಲ್ಲಿಯವರೆಗೆ ಒಂದೇ ತೂಬಿನ ಕೆಳಗಿನ ರೈತರೆಲ್ಲರೂ ಕೂಡಿ ಸರದಿಯಂತೆ ನೀರು ಕಟ್ಟಬೇಕು. ಒಬ್ಬರು ಒಣಗಿಸಿ ಪಕ್ಕದವರು ನೀರು ನಿಲ್ಲಿಸಿದರೆ ಸೊಳ್ಳೆಗೆ ಬದು ಅಡ್ಡವಾಗದು.